ಮಗು ತಂದ ಕಲ್ಲು

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಚಡ್ಡಿಯ ಜೇಬನ್ನು ತಡವಿ ನೋಡದೆ ನೀರಿಗೆ ಹಾಕಬಾರದು. ರಸ್ತೆಯ ಜಲ್ಲಿ, ಹೊಳೆಯ ದಂಡೆಯ ನುಣುಪುಗಲ್ಲು, ಮನೆ ಕಟ್ಟುತ್ತಿರುವಲ್ಲಿ ಬಿದ್ದಿದ್ದ ಬಿಳಿಯ ಚೂರು, ಎಲ್ಲವೂ ಅದರೊಳಗೆ ಇರುತ್ತವೆ. ಎಂಟು ಒಂಬತ್ತು ವರ್ಷದ ಹೊತ್ತಿಗೆ ಈ ಸಂಗ್ರಹಕ್ಕೆ ಒಂದು ಹೊಸ ಉದ್ದೇಶವೂ ಬಂದು ಸೇರುತ್ತದೆ. ಡೈನೋಸಾರುಗಳ ಚಿತ್ರಪುಸ್ತಕವನ್ನು ತಿರುವಿಹಾಕಿದ ಮಗು ಒಂದು ಸಂಜೆ ಮುಷ್ಟಿಗಾತ್ರದ ಕಲ್ಲೊಂದನ್ನು ತಂದು, ಕಚೇರಿಯಿಂದ ಆಗತಾನೇ ಬಂದು ಕುಳಿತ ತಂದೆಯ ಮುಂದೆ ಹಿಡಿಯುತ್ತದೆ.

“ಅಪ್ಪಾ, ಇದರೊಳಗೆ ಪಳೆಯುಳಿಕೆ ಇದೆಯಾ?”

“ನಮ್ಮ ಕಡೆ ಅಂಥದ್ದೆಲ್ಲ ಸಿಗುವುದಿಲ್ಲ. ಹೋಗಿ ಕೈ ತೊಳೆದುಕೋ.”

ಈ ಉತ್ತರ ಬಹುಮಟ್ಟಿಗೆ ನಿಜ. ತೊಡಕಿರುವುದೂ ಅಲ್ಲಿಯೇ. ತಪ್ಪು ಉತ್ತರವಾಗಿದ್ದರೆ ಮಗು ಎಂದಾದರೊಂದು ದಿನ ಅದನ್ನು ತಿದ್ದಿಕೊಂಡೀತು. ಬಹುಮಟ್ಟಿಗೆ ನಿಜವಾದ ಉತ್ತರವನ್ನು ತಿದ್ದುವವರು ವಿರಳ. ಅಂಥ ಉತ್ತರವೊಂದು ಏನು ಮಾಡಬಲ್ಲದೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗವಿದೆ.

ಅಲ್ಲಿನ ಲೆಸ್ಟರ್ ನಗರದ ಹತ್ತಿರ ಚಾರ್ನ್‌ವುಡ್ ಎಂಬ ಗುಡ್ಡಗಾಡಿದೆ. ಅಲ್ಲಿಯ ಬಂಡೆಗಳು ಬಹು ಪುರಾತನವಾದವು. ಭೂವಿಜ್ಞಾನಿಗಳು ಕೇಂಬ್ರಿಯನ್ ಎಂದು ಕರೆಯುವ ಯುಗ ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾಯಿತು. ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಜೀವಿಗಳ ಗುರುತುಗಳೆಲ್ಲ ಅದರಿಂದೀಚಿನವೇ, ಅದಕ್ಕೂ ಹಿಂದಿನ ಕಲ್ಲಿನಲ್ಲಿ ಹುಡುಕುವುದು ವ್ಯರ್ಥ ಎಂಬುದು 1950ರ ದಶಕದವರೆಗೂ ಪಂಡಿತರ ಸಾಮಾನ್ಯ ಅಭಿಪ್ರಾಯವಾಗಿತ್ತು. ಚಾರ್ನ್‌ವುಡ್ಡಿನ ಕಲ್ಲುಗಳು ಆ ಗೆರೆಗಿಂತಲೂ ಆಚೆಯವು. ಜೀವಿಲೋಕದ ಚಿತ್ರಗಳಿಂದ ಲೋಕಕ್ಕೆಲ್ಲ ಪರಿಚಿತರಾದ ಡೇವಿಡ್ ಅಟೆನ್‌ಬರೊ ಬಾಲ್ಯವನ್ನು ಕಳೆದದ್ದು ಲೆಸ್ಟರಿನಲ್ಲಿಯೇ. ಪಳೆಯುಳಿಕೆಗಳ ಹುಚ್ಚು ಹಿಡಿದಿದ್ದ ಆ ಹುಡುಗ ಸೈಕಲ್ಲೇರಿ ಸುತ್ತಲಿನ ಗಣಿಗಳನ್ನೆಲ್ಲ ಜಾಲಾಡಿದ. ಚಾರ್ನ್‌ವುಡ್ಡಿನ ಬಂಡೆಗಳನ್ನು ಮಾತ್ರ ಹುಡುಕಲಿಲ್ಲ. ಅಲ್ಲಿ ಏನೂ ಇರಲಾರದೆಂದು ಎಲ್ಲರಿಗೂ ತಿಳಿದಿತ್ತಲ್ಲವೆ! ಅವರೇ ಇದನ್ನು ಮುಂದೆ ನಗುತ್ತ ಹೇಳಿಕೊಂಡದ್ದುಂಟು.

1956ರಲ್ಲಿ ಟೀನಾ ನೇಗಸ್ ಎಂಬ 15 ವರ್ಷದ ಬಾಲಿಕೆ ತಂದೆತಾಯಿಯರೊಡನೆ ಆ ಗುಡ್ಡಗಳಿಗೆ ಹೋದಳು. ಹಳೆಯ ಕಲ್ಲುಗಣಿಯೊಂದರ ಬಂಡೆಯ ಮೇಲೆ ಆಕೆಗೆ ಜರೀಗಿಡದ ಎಲೆಯಂತಹ ಒಂದು ಅಚ್ಚು ಕಾಣಿಸಿತು. ನಡುವೆ ದಿಂಡಿನಂತಹ ಗೆರೆ, ಎರಡು ಕಡೆಗೂ ಒತ್ತೊತ್ತಾಗಿ ಹೊರಟ ಪಟ್ಟಿಗಳು. ಆಕೆ ಬರಿಯ ಕುತೂಹಲದ ಹುಡುಗಿಯಲ್ಲ, ಓದಿಕೊಂಡಿದ್ದವಳು. ಆ ಕಲ್ಲಿನ ವಯಸ್ಸು ಆಕೆಗೆ ಗೊತ್ತಿತ್ತು. ಆದಕಾರಣವೇ ಅವಳ ಎದೆ ಹಾರಿತು. ಶಾಲೆಗೆ ಮರಳಿದೊಡನೆ ಭೂಗೋಳದ ಉಪಾಧ್ಯಾಯಿನಿಗೆ ವಿಷಯವನ್ನು ತಿಳಿಸಿದಳು. ಕೇಂಬ್ರಿಯನ್ನಿಗೂ ಹಿಂದಿನ ಕಲ್ಲಿನಲ್ಲಿ ಪಳೆಯುಳಿಕೆ ಇರುವುದಿಲ್ಲ ಎಂಬ ಉತ್ತರ ಬಂತು. ಅದು ತನಗೂ ತಿಳಿದಿದೆ, ಅದರಿಂದಲೇ ಕೇಳುತ್ತಿದ್ದೇನೆ ಎಂದಳು ಹುಡುಗಿ. ಹಾಗಾದರೆ ಆ ಕಲ್ಲು ಅಷ್ಟು ಹಳೆಯದಲ್ಲ ಎಂದಾಯಿತು. ಕಲ್ಲು ಹಳೆಯದೇ ಎಂದು ಆಕೆ ಹೇಳಿದಾಗ ಮೊದಲಿನ ಉತ್ತರವೇ ಮತ್ತೆ ಬಂತು. ಮಾತು ಗಾಣದೆತ್ತಿನಂತೆ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತು. ಹುಡುಗಿ ಅಷ್ಟಕ್ಕೇ ಬಿಡದೆ ಮತ್ತೊಮ್ಮೆ ಅಲ್ಲಿಗೆ ಹೋಗಿ, ಅಚ್ಚಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದುಕೊಂಡಳು. ಆದರೆ ಆ ಕಾಗದವನ್ನು ತೋರಿಸುವುದಕ್ಕೆ ಆಕೆಗೆ ಯಾರೂ ಇರಲಿಲ್ಲ.

ಮರುವರ್ಷ, ಎಂದರೆ 1957ರಲ್ಲಿ, ಅದೇ ಗಣಿಯಲ್ಲಿ ಬಂಡೆ ಹತ್ತುವುದನ್ನು ಅಭ್ಯಾಸಮಾಡುತ್ತಿದ್ದ ಮೂವರು ಶಾಲಾಬಾಲಕರ ಕಣ್ಣಿಗೆ ಅದೇ ಅಚ್ಚು ಬಿತ್ತು. ಅವರಲ್ಲೊಬ್ಬನಾದ ರೋಜರ್ ಮೇಸನ್ ತಾನೂ ಕಾಗದವಿಟ್ಟು ಉಜ್ಜಿ ಪಡಿಯಚ್ಚು ತೆಗೆದು ಮನೆಗೆ ಒಯ್ದು ತಂದೆಗೆ ತೋರಿಸಿದ. ತಂದೆ ಭೂವಿಜ್ಞಾನಿಯಲ್ಲ, ಪಾದ್ರಿ. ಕಲ್ಲಿನ ವಿಷಯ ಅವರಿಗೆ ತಿಳಿಯದು. ಆದರೆ ತಿಳಿದವರ ಪರಿಚಯ ಅವರಿಗಿತ್ತು. ಲೆಸ್ಟರ್ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಟ್ರೆವರ್ ಫೋರ್ಡ್ ಅವರಿಗೆ ಮಗನ ಕಾಗದವನ್ನು ತೋರಿಸಿದರು. ಫೋರ್ಡ್ ಮೊದಲು ನಂಬಲಿಲ್ಲ. ಆದರೂ ಹುಡುಗನ ಜೊತೆಯಲ್ಲಿ ಗಣಿಯವರೆಗೆ ನಡೆದು ಬಂದರು. ಬಂದು ನೋಡಿದ ಮೇಲೆ ಸಂದೇಹಕ್ಕೆ ಎಡೆಯಿರಲಿಲ್ಲ. 1958ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಆ ಜೀವಿಗೆ ಚಾರ್ನಿಯ ಮೇಸನಿ ಎಂದು ಹೆಸರಾಯಿತು. ಮೊದಲ ಮಾತು ಸ್ಥಳದ್ದು, ಎರಡನೆಯದು ಹುಡುಗನದು. ಫೋರ್ಡ್ ಅದನ್ನು ಪಾಚಿಯ ಜಾತಿಯೆಂದು ಊಹಿಸಿದ್ದರು. ಬಿಸಿಲು ತಲುಪದಷ್ಟು ಆಳದ ಕಡಲತಳದಲ್ಲಿ ಅದು ನೆಟ್ಟಗೆ ನಿಂತು ಬಾಳಿತ್ತೆಂದು ಅನಂತರ ತಿಳಿದುದರಿಂದ, ಅದು ಸಸ್ಯವಾಗಿರಲಾರದೆಂದು ಈಗ ನಿರ್ಧಾರವಾಗಿದೆ. ಅದರ ವಯಸ್ಸು ಸುಮಾರು 56 ಕೋಟಿ ವರ್ಷ. ಮೂಲ ಕಲ್ಲನ್ನು ಗಣಿಯಿಂದ ಬಿಡಿಸಿ ಲೆಸ್ಟರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಟೀನಾ ಮತ್ತೊಂದು ಸಲ ಗಣಿಗೆ ಹೋದಾಗ ಅಚ್ಚಿದ್ದ ಜಾಗ ಬರಿದಾಗಿತ್ತು.

ರೋಜರ್ ಮೇಸನ್ ಮುಂದೆ ಭೂವಿಜ್ಞಾನದ ಪ್ರಾಧ್ಯಾಪಕರಾದರು. ತಮಗಿಂತ ಮೊದಲು ಅದನ್ನು ಕಂಡವಳು ಟೀನಾ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಶೋಧನೆಯ 50ನೆಯ ವರ್ಷವನ್ನು 2007ರಲ್ಲಿ ಆಚರಿಸಿದಾಗ ಆಕೆಗೂ ಗೌರವ ಸಂದಿತು. ಇಬ್ಬರು ಮಕ್ಕಳ ಕಣ್ಣೂ ಒಂದೇ ಬಗೆಯವು, ಇಬ್ಬರ ಕೈಯ ಕಾಗದವೂ ಒಂದೇ. ಒಬ್ಬನ ಮನೆಯಲ್ಲಿ ಮಾತ್ರ, ತನಗೆ ತಿಳಿಯದೆಂದು ತಿಳಿದಿದ್ದ ಒಬ್ಬ ತಂದೆ ಇದ್ದರು.

ಇನ್ನು ಬೆಂಗಳೂರಿನ ಮನೆಯ ಮಾತು. ಬಸವನಗುಡಿಯ ಬಾಲಕನೊಬ್ಬ ಪಳೆಯುಳಿಕೆಯನ್ನು ಹುಡುಕಲು ಹೊರಟರೆ ಮೊದಲು ಓಡುವುದು ಲಾಲ್‌ಬಾಗಿನ ಬಂಡೆಗೆ. ಕೆಂಪೇಗೌಡರ ಗೋಪುರವಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದವರು ಅಲ್ಲಿಯೇ ಫಲಕ ಹಾಕಿದ್ದಾರೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಅಷ್ಟು ಹಳೆಯದಾದ ಮೇಲೆ ಅದರಲ್ಲಿ ಏನೇನಿರಬೇಡ ಎಂದು ಹುಡುಗನ ಎಣಿಕೆ. ಅದರಲ್ಲಿ ಒಂದು ಹಲ್ಲೂ ಇಲ್ಲ, ಒಂದು ಚಿಪ್ಪೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಪಳೆಯುಳಿಕೆ ಉಳಿಯಬೇಕಾದರೆ ಸತ್ತ ಜೀವಿಯ ಮೇಲೆ ಕೆಸರೋ ಮರಳೋ ಬೂದಿಯೋ ಮೆಲ್ಲನೆ ಕುಳಿತು, ಪದರದ ಮೇಲೆ ಪದರ ಬಿದ್ದು, ಅದು ಗಟ್ಟಿಯಾಗಿ ಕಲ್ಲಾಗಬೇಕು. ಲಾಲ್‌ಬಾಗಿನ ಕಲ್ಲು ಆ ದಾರಿಯಲ್ಲಿ ಬಂದದ್ದಲ್ಲ. ಭೂಮಿಯ ಆಳದಲ್ಲಿ ಬೆಂದು, ಹಿಟ್ಟಿನ ಮುದ್ದೆಯಂತೆ ನಾದಿಸಿಕೊಂಡು ಬಂದದ್ದು. ಅದರ ಮೈಮೇಲೆ ಬೂದುಬಣ್ಣದ ಮತ್ತು ನಸುಬಿಳಿಯ ಪಟ್ಟೆಗಳು ಬಳುಕಿಕೊಂಡು ಹೋಗಿರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಇಂಥ ಕಲ್ಲಿಗೆ ನೈಸ್ ಎಂದು ಹೆಸರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು 1916ರಲ್ಲಿ ಇದನ್ನು ‘ಪೆನಿನ್ಸುಲರ್ ನೈಸ್’ ಎಂದು ಕರೆದರು. ದಕ್ಷಿಣ ಭಾರತದ ನೆಲಗಟ್ಟಿನ ಬಹುಭಾಗ ಇದೇ.

ಇಷ್ಟನ್ನು ಮಗುವಿಗೆ ಹೇಳುವುದಕ್ಕೂ, ‘ಇಲ್ಲಿ ಏನೂ ಸಿಗುವುದಿಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ. ಏಕೆ ಸಿಗುವುದಿಲ್ಲವೆಂದು ತಿಳಿದ ಮಗು, ಹಾಗಾದರೆ ಬೇಯದೆ ಉಳಿದ ಪದರಗಲ್ಲು ಎಲ್ಲಿದೆ ಎಂದು ತಾನಾಗಿಯೇ ಕೇಳುತ್ತದೆ. ಹುಡುಕಾಟ ಆರಂಭವಾಗುವುದು ಆ ಪ್ರಶ್ನೆಯಿಂದ.

ವಿಚಿತ್ರವೆಂದರೆ, ಅನೇಕ ಮನೆಗಳಲ್ಲಿ ಅದು ಮುಗಿಯಬಹುದಾದ ಸ್ಥಳ ಹತ್ತು ಹೆಜ್ಜೆ ದೂರದಲ್ಲಿದೆ. ದೇವರ ಕೋಣೆಯ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮವನ್ನು ಪಳೆಯುಳಿಕೆಯೆಂದು ನೋಡಿದವರು ಕಡಿಮೆ. ನೇಪಾಳದಲ್ಲಿ ಮುಕ್ತಿನಾಥದ ಸೀಮೆಯಿಂದ ಹರಿದುಬರುವ ಗಂಡಕಿಯ ಪಾತ್ರದಲ್ಲಿ ಈ ಕಪ್ಪು ಕಲ್ಲುಗಳು ಸಿಗುತ್ತವೆ. ಇವುಗಳೊಳಗಿನ ಚಕ್ರ ಬಹುಪಾಲು ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಸುರುಳಿ. ಇಂದಿನ ಅಷ್ಟಪಾದಿಗೂ ಕಣವೆ ಮೀನಿಗೂ ಇದು ದೂರದ ದಾಯಾದಿ. ಸುಮಾರು 15 ಕೋಟಿ ವರ್ಷಗಳ ಹಿಂದೆ, ಹಿಮಾಲಯವೇ ಇಲ್ಲದಿದ್ದ ಕಾಲದಲ್ಲಿ, ಆ ಸ್ಥಳದಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಸತ್ತ ಅಮೋನೈಟುಗಳು ಅದರ ತಳದ ಕರಿಯ ಕೆಸರಿನಲ್ಲಿ ಹುದುಗಿದವು. ಚಿಪ್ಪಿನ ಸುತ್ತ ಕೆಸರು ಗಂಟುಕಟ್ಟಿ ಗಟ್ಟಿಯಾಯಿತು. ಮುಂದೆ ಭಾರತದ ಭೂಭಾಗ ಉತ್ತರಕ್ಕೆ ಸರಿದು ಏಷ್ಯಾಕ್ಕೆ ತಾಗಿದಾಗ ಕಡಲತಳವೇ ಮಡಿಕೆ ಬಿದ್ದು ಪರ್ವತವಾಗಿ ಎದ್ದಿತು. ನದಿ ಅದನ್ನು ಕೊರೆದು ಗಂಟುಗಳನ್ನು ಬಿಡಿಸಿ, ಉರುಳಿಸಿ, ನುಣುಪುಮಾಡಿ ಕೆಳಕ್ಕೆ ತಂದಿತು. ಅಮೋನೈಟುಗಳ ವಂಶ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರುಗಳು ಅಳಿದ ಕಾಲದಲ್ಲಿಯೇ, ಅಳಿದುಹೋಯಿತು.

ಇಲ್ಲಿ ಮನೆಯೊಳಗೆ ಒಂದು ಸೂಕ್ಷ್ಮ ಪರಿಸ್ಥಿತಿ ಉಂಟಾಗುವುದು ಸಹಜ. ಶಾಲೆಯಲ್ಲಿ ಇದನ್ನು ಕೇಳಿಬಂದ ಹುಡುಗ ಪೂಜೆಯ ಹೊತ್ತಿನಲ್ಲಿ, “ಅಜ್ಜೀ, ಇದು ದೇವರಲ್ಲವಂತೆ, ಸತ್ತ ಪ್ರಾಣಿಯಂತೆ” ಎಂದುಬಿಟ್ಟರೆ ಅಜ್ಜಿಯ ಮನಸ್ಸು ನೋಯದಿರದು. ತಂದೆ ಅತ್ತ ತಾಯಿಗೂ ಇತ್ತ ಮಗನಿಗೂ ಹೆದರಿ ದಿನಪತ್ರಿಕೆಯ ಹಿಂದೆ ಮರೆಯಾಗುತ್ತಾನೆ. ಆದರೆ ಅಜ್ಜಿಯನ್ನೇ ವಿಚಾರಿಸಿದರೆ ಆಕೆಯ ಬಳಿಯೂ ಒಂದು ವಿವರಣೆಯಿರುತ್ತದೆ: ವಜ್ರಕೀಟವೆಂಬ ಹುಳು ಕಲ್ಲನ್ನು ಕೊರೆದು ಒಳಗೆ ಚಕ್ರವನ್ನು ಬಿಡಿಸಿತು ಎಂಬ ಸಂಪ್ರದಾಯದ ಮಾತು. ಕಲ್ಲಿನೊಳಗಿನ ಆ ಸುರುಳಿ ಕಲ್ಲಿನಷ್ಟಕ್ಕೆ ಆದದ್ದಲ್ಲ, ಅಲ್ಲೊಂದು ಜೀವದ ಕೈವಾಡವಿದೆ ಎಂದು ಹಿಂದಿನವರು ಕಂಡುಕೊಂಡಿದ್ದರು. ಇದು ಸಣ್ಣ ವಿಷಯವಲ್ಲ. ಇಂಗ್ಲೆಂಡಿನ ವಿಟ್‌ಬಿಯಲ್ಲಿ ಇದೇ ಅಮೋನೈಟುಗಳನ್ನು ಕಂಡ ಜನ, ಹಿಲ್ಡಾ ಎಂಬ ಸಾಧ್ವಿ ಹಾವುಗಳನ್ನು ಕಲ್ಲಾಗಿಸಿದಳೆಂದು ಕಥೆ ಕಟ್ಟಿದರು. ವ್ಯಾಪಾರಿಗಳು ಅವಕ್ಕೆ ಹಾವಿನ ತಲೆಯನ್ನೂ ಕೆತ್ತಿ ಮಾರಿದರು! ವಜ್ರಕೀಟದ ಕಥೆ ಅದಕ್ಕಿಂತ ಎಷ್ಟೋ ಮೇಲು. ಅಜ್ಜಿಯಿಂದ ಆ ಕಥೆಯನ್ನೂ ತಂದೆಯಿಂದ ಕಡಲಿನ ಕಥೆಯನ್ನೂ ಕೇಳಿದ ಮಗುವಿಗೆ ಎರಡರಿಂದಲೂ ನಷ್ಟವಿಲ್ಲ. ಸಾಲಿಗ್ರಾಮವನ್ನು ಮುಟ್ಟುವುದಕ್ಕೆ ಮನೆಯಲ್ಲಿ ಕಟ್ಟುಪಾಡಿದ್ದರೆ ಮುಟ್ಟಬೇಕಾದ್ದೂ ಇಲ್ಲ. ಅಭಿಷೇಕದ ಹೊತ್ತಿಗೆ ಹತ್ತಿರ ಕುಳಿತರೆ ಸಾಕು. ಒದ್ದೆಯಾದ ಕರಿಗಲ್ಲಿನ ಮೇಲೆ ಸುರುಳಿಯ ಗೆರೆಗಳು ಒಣಗಿದಾಗ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತವೆ. ಎಲ್ಲ ಸಾಲಿಗ್ರಾಮದಲ್ಲಿಯೂ ಸುರುಳಿ ಹೊರಗೆ ಕಾಣುವುದಿಲ್ಲ. ಒಳಗಿದೆಯೋ ಇಲ್ಲವೋ ಎಂದು ಸುತ್ತಿಗೆಯಿಂದ ಪರೀಕ್ಷಿಸುವ ಯೋಚನೆ ಹುಡುಗನಿಗೆ ಹೊಳೆಯುವ ಮೊದಲೇ ಪೆಟ್ಟಿಗೆಗೆ ಬೀಗ ಬಿದ್ದಿರುವುದು ಕ್ಷೇಮ.

ಸಾಲಿಗ್ರಾಮವಿಲ್ಲದ ಮನೆಯವರು ನೆಲವನ್ನು ನೋಡಬಹುದು. ಹಳೆಯ ಮನೆಗಳ ಶಹಾಬಾದ್ ಕಲ್ಲು, ಅಡಿಗೆಮನೆಯ ಕಡಪ ಕಲ್ಲು ಇವೆರಡೂ ಕೆಸರಿನ ಪದರಗಳಿಂದಲೇ ಆದವು. ಆದರೆ ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲೇ ಕಲ್ಲಾದುದರಿಂದ ಅವುಗಳಲ್ಲಿ ಶಂಖ ಕಪ್ಪೆಚಿಪ್ಪುಗಳನ್ನು ನಿರೀಕ್ಷಿಸಬಾರದು. ರಾಜಸ್ಥಾನದ ಜೈಸಲ್ಮೇರಿನಿಂದ ಬರುವ ಹಳದಿ ಸುಣ್ಣಕಲ್ಲಿನ ಮಾತು ಬೇರೆ. ಅದು ಡೈನೋಸಾರುಗಳ ಕಾಲದ ಕಡಲಿನದು. ನಯಮಾಡಿದ ಹಾಸಿನಲ್ಲಿ ಚಿಪ್ಪುಗಳ ಅಡ್ಡಕೊಯ್ತ ಬಿಲ್ಲಿನಂತೆ, ಉಗುರಿನಂತೆ ಕಾಣಸಿಗುತ್ತದೆ. ದೊಡ್ಡ ಹೋಟೆಲುಗಳಲ್ಲೂ ಅಂಗಡಿಗಳಲ್ಲೂ ಇಂಥ ನೆಲಹಾಸುಂಟು. ತಾಯಿ ಸೀರೆ ಆರಿಸುವಷ್ಟು ಹೊತ್ತೂ ಬೇಸರಪಡುವ ಮಗನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ನೆಲಗಲ್ಲಿನಲ್ಲಿ ಒಂದು ಮೋಸವೂ ಇದೆ. ಕೆಲವು ಪದರಗಲ್ಲುಗಳ ಮೇಲೆ ಕಪ್ಪು ಮಸಿಯಲ್ಲಿ ಬರೆದಂತೆ ಅತಿ ಸೊಗಸಾದ ಜರೀಗಿಡಗಳು ಹರಡಿರುತ್ತವೆ. ಬಹುತೇಕ ಎಲ್ಲರೂ ಅದನ್ನು ಸಸ್ಯದ ಪಳೆಯುಳಿಕೆಯೆಂದೇ ಭಾವಿಸುವರು. ಅದು ಗಿಡವಲ್ಲ. ಬಿರುಕಿನೊಳಗೆ ಇಳಿದ ನೀರು ತಂದ ಮ್ಯಾಂಗನೀಸಿನ ಆಕ್ಸೈಡು ಕವಲೊಡೆದು ಬೆಳೆದ ಚಿತ್ರ. ಕಡ್ಡಿಯಿಂದ ತುದಿಯವರೆಗೆ ಒಂದೇ ಬಗೆಯಾಗಿ ಕವಲೊಡೆಯುತ್ತ, ನಡುವೆ ದಿಂಡೂ ಇಲ್ಲದೆ, ಎಲೆಗೊಂದು ಅಂಚೂ ಇಲ್ಲದೆ, ಬಿರುಕು ಹೋದತ್ತ ಹೋಗಿದ್ದರೆ ಅದು ಖನಿಜದ್ದೇ ಎಂದು ತಿಳಿಯಬೇಕು. ಮಗು ಇದನ್ನು ಕಂಡು ಕುಣಿದರೆ ‘ತಪ್ಪು’ ಎಂದು ತಟ್ಟನೆ ಹೇಳಿಬಿಡುವ ಬದಲು, ಒಂದು ನಿಜವಾದ ಜರೀಎಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡು ಎನ್ನುವುದು ಮೇಲು.

ಕನ್ನಡ ನಾಡಿನದೇ ಆದ ಪಳೆಯುಳಿಕೆಯನ್ನು ನೋಡಬೇಕೆಂಬ ಹಟವಿದ್ದರೆ ಒಂದು ದಿನದ ಪ್ರಯಾಣ ಬೇಕು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣೀವಿಲಾಸ ಸಾಗರ, ಹಳಬರ ಮಾತಿನಲ್ಲಿ ಮಾರಿಕಣಿವೆ, ಅನೇಕರು ಕಂಡಿರುವ ಸ್ಥಳ. 1907ರಲ್ಲಿ ಮುಗಿದ ಆ ಅಣೆಕಟ್ಟನ್ನು ನೋಡಿ, ಬುತ್ತಿ ಬಿಚ್ಚಿ ಉಂಡು ಬಂದವರಲ್ಲಿ ಹೆಚ್ಚಿನವರಿಗೆ, ಆ ಸೀಮೆಯ ಸುಣ್ಣಕಲ್ಲಿನಲ್ಲಿ ಭೂಮಿಯ ಅತಿ ಪ್ರಾಚೀನ ಜೀವಿಗಳ ಗುರುತಿದೆಯೆಂದು ಗೊತ್ತಿರಲಾರದು. ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗದ ಕಡೆಯ ಕುಂಸಿ ಇವೂ ಅದೇ ಕಾರಣಕ್ಕೆ ಭೂವಿಜ್ಞಾನಿಗಳಿಗೆ ಪರಿಚಿತವಾದ ಹೆಸರುಗಳು. ಇವು ಸ್ಟ್ರೊಮ್ಯಾಟೊಲೈಟುಗಳು, 260 ಕೋಟಿ ವರ್ಷಗಳಷ್ಟು ಹಳೆಯವು. ಆಗ ಮೀನಿಲ್ಲ, ಹುಳುವಿಲ್ಲ, ಎಲೆಯಿಲ್ಲ. ಆಳವಿಲ್ಲದ ಕಡಲಿನ ತಳದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹಬ್ಬಿದ್ದವು. ನೀರಿನ ಕೆಸರು ಲೋಳೆಗೆ ಅಂಟಿತು. ಬೆಳಕನ್ನು ಬಯಸಿ ಅವು ಅದರ ಮೇಲಕ್ಕೆ ಹಬ್ಬಿದವು. ಮತ್ತೆ ಕೆಸರು, ಮತ್ತೆ ಚಾಪೆ. ಹೀಗೆ ಕೂದಲೆಳೆಯಷ್ಟು ತೆಳುವಾದ ಪದರಗಳು ಕೂಡಿ ಗುಮ್ಮಟಗಳಾದವು. ಅಡ್ಡಲಾಗಿ ಕೊಯ್ದ ಎಲೆಕೋಸನ್ನು ಬಲ್ಲ ಗೃಹಿಣಿಗೆ ಅದರ ರೂಪವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಇಂಥ ಜೀವಿಗಳು ಇಂದಿಗೂ ಆಸ್ಟ್ರೇಲಿಯದ ಪಶ್ಚಿಮತೀರದ ಶಾರ್ಕ್ ಕೊಲ್ಲಿಯಲ್ಲಿ ಅದೇ ಗುಮ್ಮಟಗಳನ್ನು ಕಟ್ಟುತ್ತಿವೆ. ಪ್ರಪಂಚದ ಗಾಳಿಗೆ ಆಮ್ಲಜನಕವನ್ನು ಮೊದಲು ತುಂಬಿದ್ದು ಇವುಗಳ ಬಳಗವೇ.

ಆದರೆ ಡೈನೋಸಾರಿನ ಆಸೆಯಿಂದ ಬಂದ ಮಗುವಿನ ಮುಂದೆ ಈ ಗೆರೆಗಳನ್ನು ಇಟ್ಟರೆ ಮುಖ ಬಾಡುವುದು ಖಂಡಿತ. ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ. ಜೊತೆಗೆ ಬರಿಗಣ್ಣಿಗೆ ಎಲ್ಲ ಪಟ್ಟೆಗಲ್ಲೂ ಸ್ಟ್ರೊಮ್ಯಾಟೊಲೈಟಿನಂತೆಯೇ ತೋರುವುದರಿಂದ, ಭೂವಿಜ್ಞಾನವನ್ನು ಬೋಧಿಸುವ ಅಧ್ಯಾಪಕರು ಯಾರಾದರೂ ಪರಿಚಿತರಿದ್ದರೆ ಅವರನ್ನು ಕೇಳಿಕೊಂಡು ಹೋಗುವುದೇ ಸರಿ. ಹೋಗುವ ಹೊತ್ತನ್ನೂ ಯೋಚಿಸಬೇಕು. ನಡುಹಗಲಿನ ನೆತ್ತಿಬಿಸಿಲಿನಲ್ಲಿ ಬಂಡೆಯ ಮೇಲಿನ ಉಬ್ಬುತಗ್ಗುಗಳು ಮಾಯವಾಗುತ್ತವೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅವು ನೆರಳು ಬೀರಿ ಎದ್ದುನಿಲ್ಲುತ್ತವೆ. ಚಾರ್ನ್‌ವುಡ್ಡಿನ ಅಚ್ಚುಗಳೂ ಹೀಗೆಯೇ. ಬೆಳಕು ಸರಿಯಿಲ್ಲದ ಹೊತ್ತಿನಲ್ಲಿ ಬಲ್ಲವರಿಗೂ ಕಾಣುವುದು ಕಷ್ಟ. ಮನೆಯಲ್ಲಿ ಕಲ್ಲನ್ನು ನೋಡುವಾಗಲೂ ದೀಪವನ್ನು ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಅದೇ ಫಲ. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಬಂಡೆಯಲ್ಲಿ ಉಳಿದದ್ದು ನಾಳೆ ಬರುವ ಮಗುವಿಗೂ ಉಳಿದಿರಲಿ, ಛಾಯಾಚಿತ್ರವೊಂದಿದ್ದರೆ ಸಾಕು.

ದೊಡ್ಡವರು ಜೊತೆಯಲ್ಲಿದ್ದು ಮಾಡಬೇಕಾದ್ದು ಬಹಳವೇನೂ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಲೀ ಬರ್ಗರ್ ಎಂಬ ವಿಜ್ಞಾನಿ 2008ರ ಆಗಸ್ಟ್ 15ರಂದು ಜೊಹಾನ್ಸ್‌ಬರ್ಗ್ ನಗರದಿಂದ ಹೆಚ್ಚು ದೂರವಿಲ್ಲದ ಮಾಲಾಪ ಎಂಬಲ್ಲಿಗೆ ಒಂಬತ್ತು ವರ್ಷದ ಮಗ ಮ್ಯಾಥ್ಯೂವನ್ನು ಕರೆದುಕೊಂಡು ಹೋಗಿದ್ದರು. ನಾಯಿಯ ಹಿಂದೆ ಓಡಿದ ಹುಡುಗ ಅಲ್ಲಿಂದಲೇ ಪಳೆಯುಳಿಕೆ ಸಿಕ್ಕಿತೆಂದು ಕೂಗಿದ. ಆ ಪ್ರದೇಶದಲ್ಲಿ ಹೆಜ್ಜೆಗೊಂದು ಸಿಗುವ ಜಿಂಕೆಯ ಮೂಳೆ ಇರಬೇಕೆಂದು ತಂದೆ ಅಂದುಕೊಂಡರು. ಅಲ್ಲಿಂದಲೇ ಹಾಗೆ ಹೇಳಿ ಸುಮ್ಮನಾಗಬಹುದಾಗಿತ್ತು. ಅವರಿಗಿದ್ದ ಅನುಭವಕ್ಕೆ ಅದು ಸಲ್ಲದ ಮಾತೂ ಆಗುತ್ತಿರಲಿಲ್ಲ. ಆದರೆ ನಡೆದು ಹೋಗಿ ನೋಡಿದರು. ಕಲ್ಲಿನಿಂದ ಇಣುಕುತ್ತಿದ್ದುದು ಮಾನವಕುಲದ ಪೂರ್ವಜನೊಬ್ಬನ ಕೊರಳೆಲುಬು. ಬರ್ಗರ್ ಅವರ ಡಾಕ್ಟರೇಟಿನ ಅಧ್ಯಯನದಲ್ಲಿ ಕೊರಳೆಲುಬಿನ ವಿಷಯವೂ ಇದ್ದುದರಿಂದ ಗುರುತಿಸಲು ತಡವಾಗಲಿಲ್ಲ. 2010ರಲ್ಲಿ ಆಸ್ಟ್ರಲೊಪಿತೆಕಸ್ ಸೆಡಿಬ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯವಾದ ಆ ಜೀವಿಯ ಕಾಲ ಸುಮಾರು 20 ಲಕ್ಷ ವರ್ಷಗಳ ಹಿಂದಿನದು.

ಬೆಂಗಳೂರಿನ ತಂದೆಗೆ ಅಂಥದ್ದು ಸಿಗುವುದಿಲ್ಲ. ಮುಷ್ಟಿಯಲ್ಲಿ ಮಗು ತಂದ ಕಲ್ಲು ಹೆಚ್ಚಿನ ಸಂದರ್ಭಗಳಲ್ಲಿ ರಸ್ತೆಯ ಜಲ್ಲಿಯೇ ಆಗಿರುತ್ತದೆ. ಆದರೂ ಅದನ್ನು ಕೈಗೆ ತೆಗೆದುಕೊಂಡು, ನೀರಿನಲ್ಲಿ ತೊಳೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಮ್ಮೆ ತಿರುಗಿಸಿ ನೋಡಲು ಎರಡು ನಿಮಿಷ ಬೇಡ. ಪದರವಿದೆಯೆ, ಹರಳಿದೆಯೆ, ಬೆಂದ ಗುರುತಿದೆಯೆ ಎಂದು ಮಗುವನ್ನೇ ಕೇಳಬಹುದು. ಇಟ್ಟುಕೊಳ್ಳತಕ್ಕ ಕಲ್ಲಾದರೆ ಒಂದು ಖಾಲಿ ಬೆಂಕಿಪೊಟ್ಟಣದಲ್ಲಿಯೋ ಡಬ್ಬಿಯಲ್ಲಿಯೋ ಇಟ್ಟು, ಯಾವ ಊರು, ಯಾವ ಜಾಗ, ಯಾವ ತಾರೀಖು ಎಂದು ಚೀಟಿಯಲ್ಲಿ ಬರೆಸಬೇಕು. ಎಲ್ಲಿ ಸಿಕ್ಕಿತೆಂದು ತಿಳಿಯದ ಕಲ್ಲು ಎಷ್ಟು ಚೆಂದವಾಗಿದ್ದರೂ ವಿಜ್ಞಾನಿಗೆ ಅದರಿಂದ ಪ್ರಯೋಜನ ಕಡಿಮೆ. ಚೀಟಿಯನ್ನು ಮಗುವೇ ಬರೆಯಲಿ, ಅಕ್ಷರ ವಕ್ರವಾದರೂ ಚಿಂತೆಯಿಲ್ಲ. ಆ ಡಬ್ಬಿಗಳಿಗೆ ಅಟ್ಟದ ಮೇಲೆ ಒಂದು ಮೂಲೆಯನ್ನು ಬಿಟ್ಟುಕೊಡುವಂತೆ ತಾಯಿಯನ್ನು ಒಪ್ಪಿಸುವ ಹೊಣೆ ತಂದೆಯದು.